ವೈರು ಕಿತ್ತ ಮೇಲೆ

ಅಂಗಡಿಯ ಗೋಡೆಯಲ್ಲಿ ಎರಡು ಬೇಸ್ ಗಿಟಾರುಗಳು ನೇತಾಡುತ್ತಿದ್ದವು. ಒಂದು ಭಾರವಾದ ಕರಿಯದು, ಇನ್ನೊಂದು ಹಗುರಾದ ಬಿಳಿಯದು. ಮದುವೆಗಳಲ್ಲಿ ಆರ್ಕೆಸ್ಟ್ರಾ ನುಡಿಸುವ ಡೆನ್ಜಿಲ್ ಒಂದನ್ನು ಕೊಳ್ಳಲು ಬಂದ.

"ನನ್ನ ದನಿಗೆ ಕಲ್ಯಾಣ ಮಂಟಪದ ಕಂಬಗಳೇ ನಡುಗುತ್ತವೆ," ಎಂದಿತು ಕರಿಯದು.

"ನನ್ನನ್ನು ಹೊತ್ತವರಿಗೆ ಹೆಗಲಿದೆ ಎನ್ನುವುದೇ ಮರೆತುಹೋಗುತ್ತದೆ," ಎಂದಿತು ಬಿಳಿಯದು.

ಡೆನ್ಜಿಲ್ ಸ್ಟೂಲಿನ ಮೇಲೆ ಕೂತು, ಆಂಪ್ಲಿಫೈಯರಿಗೆ ಸಿಕ್ಕಿಸಿ ಎರಡನ್ನೂ ನುಡಿಸಿದ. ಎರಡೂ ಬೀಗಿದವು. ಆಮೇಲೆ ಅವನು ವೈರು ಕಿತ್ತು ಎದ್ದು ನಿಂತ.

ಬಿಳಿಯದನ್ನು ಹೆಗಲಿಗೆ ಹಾಕಿಕೊಂಡು ಎಡಗೈ ಬಿಟ್ಟ ಕೂಡಲೇ ಅದರ ತಲೆ ನೆಲದತ್ತ ವಾಲಿತು.

"ಅಯ್ಯೋ, ಬಿದ್ದೆ! ಹಿಡಿದುಕೊಳ್ಳಿ!"

"ಹಗುರ ಮೈಗೆ ಇಷ್ಟು ಭಾರದ ತಲೆಯೇ? ನಿನ್ನನ್ನು ಎತ್ತಿ ಹಿಡಿಯಲೋ, ನುಡಿಸಲೋ?" ಎಂದು ಅವನು ಅದನ್ನು ಗೋಡೆಗೆ ಮರಳಿಸಿದ.

ಕರಿಯದು ಹೆಗಲ ಮೇಲೆ ಅಲುಗದೆ ನಿಂತಿತು. ಆದರೆ ತಂತಿ ಮೀಟಿದರೆ ಸೊಳ್ಳೆಯಷ್ಟೇ ಸದ್ದು. ಅದು ಬೆಚ್ಚಿಬಿತ್ತು.

"ನನ್ನ ದನಿ ಎಲ್ಲಿ ಹೋಯಿತು?"

"ಅದು ಆ ಡಬ್ಬದ್ದು," ಎಂದು ಡೆನ್ಜಿಲ್ ಆಂಪ್ಲಿಫೈಯರ್ ತೋರಿಸಿದ. "ಆದರೂ ನೀನೇ ಬಾ."

"ದನಿಯೇ ಇಲ್ಲದ ಮೇಲೆ ನಾನೇಕೆ?"

"ಮದುವೆಯಲ್ಲಿ ಕೊನೆಯ ಪಂಕ್ತಿ ಉಂಡು ಎದ್ದ ಮೇಲೆಯೇ ನಾನು ಕೂರುವುದು. ಅಲ್ಲಿಯವರೆಗೆ ನೀನು ಹೆಗಲ ಮೇಲೆ ತೆಪ್ಪಗಿದ್ದರೆ ಸಾಕು."

ಇಂಥ ಅವಮಾನವನ್ನು ಕರಿಯದು ಕನಸಿನಲ್ಲೂ ಎಣಿಸಿರಲಿಲ್ಲ. ಇದ್ದಬದ್ದ ತಂತಿಗಳನ್ನೆಲ್ಲ ನಡುಗಿಸಿ ಚೀರಿತು. ಪಕ್ಕದ ಗೋಡೆಯಲ್ಲೇ ಇದ್ದ ಬಿಳಿಯದಕ್ಕೂ ಕೇಳಿಸಲಿಲ್ಲ.