ಹೊಸ ಕುಲದವಳು

ಕಡಲಡಿಯಲ್ಲಿ ಮೀಥೇನ್ ಅನಿಲ ಗುಳುಗುಳು ಏಳುವಲ್ಲಿ ಬಾಳಿ, ಕಲ್ಲಾಗಿಹೋದ ಟೋಪಿಯಾಕಾರದ ಚಿಪ್ಪಿ ನಾನು. ನನ್ನ ಸಪೂರ ಬೆನ್ನು ನೋಡಿ ವಿಜ್ಞಾನಿ ರುಕ್ಮಾಬಾಯಿ, “ಇದು ಹೊಸ ಜಾತಿ, ಹೊಸ ಹೆಸರಿಡೋಣ” ಅಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಪಕ್ಕದ ಡಬ್ಬಿಯ ಅಗಲ ಚಿಪ್ಪಿಗೆ, “ನೋಡೇ ದಪ್ಪಕ್ಕ, ನನ್ನ ಕುಲವೇ ಬೇರೆ” ಅಂದೆ.

“ಒಂದೇ ತಾಯಿ ಮಕ್ಕಳಲ್ಲವೇನೇ? ನಾನು ಬಂಡೆ ಮೇಲೆ ಕೂತು ಅಗಲವಾದೆ. ನೀನು ಸಪೂರ ಕೊಳವೆಯಲ್ಲಿದ್ದ ಆ ಹುಳುವಿನ ಬೆನ್ನು ಬಿಡದೆ ಸಪೂರವಾದೆ.”

“ಮೆಲ್ಲಗೆ ಹೇಳೇ, ಅವರಿಗೆ ಕೇಳಿಸೀತು!”

ಅಷ್ಟರಲ್ಲಿ ರುಕ್ಮಾಬಾಯಿ ನನ್ನನ್ನು ಮಗುಚಿದರು. ಹೊಟ್ಟೆಯಡಿ ಹುಳುವಿನ ಕೊಳವೆ ಇನ್ನೂ ಅಂಟಿಕೊಂಡಿತ್ತು. ಅವರು “ಓ, ಇದೂ ಅದೇ ಜಾತಿ” ಎಂದು ನಕ್ಕು, ನನ್ನನ್ನು ದಪ್ಪಕ್ಕನ ಡಬ್ಬಿಗೇ ಹಾಕಿದರು.

“ಬಾರಮ್ಮ, ಹೊಸ ಕುಲದವಳೇ,” ಅಂದಳು ದಪ್ಪಕ್ಕ, “ಸ್ವಲ್ಪ ಸರಿದು ಕೂರು. ನಿನ್ನ ಕೊಳವೆಯವನಿಗೂ ಜಾಗ ಬೇಕಲ್ಲ!”