ತಿರುಗೂರಿನ ಬಸ್ಸಿನವರು ಸಂಘ ಕಟ್ಟಿ ಚಟ್ನಿ ಕೇಳಿದ್ದು

ಕೇಳ್ರಪ್ಪಾ, ಒಂದಾನೊಂದು ಊರಿನಲ್ಲಿ ಬಸ್ಸುಗಳು ನಿಲ್ಲುತ್ತಲೇ ಇರಲಿಲ್ಲ. ಊರಿನ ಹೆಸರು ತಿರುಗೂರು. ಅಲ್ಲಿನ ರಾಜನಿಗೆ ನಿಂತ ಬಸ್ಸು ಕಂಡರೆ ಆಕಳಿಕೆ ಬರುತ್ತಿತ್ತು. ರಾಜ ಆಕಳಿಸಿದರೆ ಮಂತ್ರಿ ಆಕಳಿಸಬೇಕು. ಮಂತ್ರಿ ಆಕಳಿಸಿದರೆ ಸೇನಾಪತಿ ಆಕಳಿಸಬೇಕು. ಹೀಗೆ ಎಲ್ಲರ ಬಾಯಿಗೂ ನೊಣ ಹೊಕ್ಕು ರಾಜ್ಯಭಾರ ಕೆಟ್ಟಿತು. ಅದಕ್ಕೆ ರಾಜ ಉಪ್ಪರಿಗೆಯಲ್ಲಿ ಕೂತು, ಬಸ್ಸುಗಳು ಊರು ಸುತ್ತುತ್ತಲೇ ಇರಲಿ, ಎಲ್ಲೂ ನಿಲ್ಲಕೂಡದು ಎಂದು ಅಪ್ಪಣೆ ಮಾಡಿದ.

ಬಸ್ಸುಗಳು ಸುತ್ತಿದವು. ಜನ ಓಡಿ ಹತ್ತಿದರು, ಹಾರಿ ಇಳಿದರು. ಎಣ್ಣೆ ಯಾವಾಗ ಹಾಕುತ್ತಿದ್ದರು ಎಂದು ಕೇಳಬೇಡಿ. ಹಾಗೆ ಕೇಳಿದವನನ್ನು, ನೀನೇ ನೋಡಿಕೊಂಡು ಬಾ ಎಂದು ಬಸ್ಸು ಹತ್ತಿಸಿದರು. ಅವನು ಇನ್ನೂ ಬಂದಿಲ್ಲ.

ಒಂದು ಬಸ್ಸಿಗೆ ಫಕೀರಪ್ಪ ಡ್ರೈವರು, ದ್ಯಾಮವ್ವ ಕಂಡಕ್ಟರು. ಫಕೀರಪ್ಪನ ಮನೆ ದಾರಿಯಲ್ಲೇ ಇತ್ತು. ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು ಕಿಟಕಿಯೊಳಕ್ಕೆ ರೊಟ್ಟಿ ಎಸೆಯುತ್ತಿದ್ದಳು. ಗಂಡಹೆಂಡತಿ ಸುತ್ತಿಗೊಂದು ಮಾತು ಆಡುತ್ತಿದ್ದರು. ಒಂದು ಸುತ್ತಿನಲ್ಲಿ ಅವಳು, ನಾನು ಬಸುರಿ ಎಂದಳು. ಏನಂದೆ ಎಂದು ಕೇಳಲು ಅವನು ಸುತ್ತಿಕೊಂಡು ಬರುವಷ್ಟರಲ್ಲಿ ಅವಳ ಕಂಕುಳಲ್ಲಿ ಕೂಸಿತ್ತು. ಹೆಸರೇನಿಟ್ಟೆ ಎಂದು ಕೇಳಿ ಮತ್ತೆ ಬಂದರೆ, ಕೂಸು ತಾನೇ ಎದ್ದು ನಿಂತು ಗುರುಬಸವ್ವ ಎಂದಿತು. ಫಕೀರಪ್ಪ ಸ್ಟೇರಿಂಗಿಗೆ ಹಣೆ ಇಟ್ಟು ಅತ್ತ. ಹಣೆ ಹಾರ್ನಿಗೆ ತಾಗಿ ಪೋಂ ಎಂದಿತು. ಅವನು ಅಳುತ್ತಿದ್ದಾನೆಂದು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ದಾರಿ ಬಿಟ್ಟರು.

ದ್ಯಾಮವ್ವನಿಗೆ ಮಾತ್ರ ತಿಳಿಯಿತು. ಅವಳು ಬಗ್ಗಿ, ಜೇಡರ ಬಲೆ ಹೊದ್ದು ಮಲಗಿದ್ದ ಬ್ರೇಕನ್ನು ಎಬ್ಬಿಸಿದಳು. ನಿಲ್ಲಿಸುವ ವಿದ್ಯೆ ಈ ಬಸ್ಸಿನಲ್ಲಿ ನಿನಗೊಬ್ಬನಿಗೇ ಗೊತ್ತಿರುವುದು, ಏನಾದರೂ ಮಾಡು ಎಂದಳು.

"ನಾನೊಬ್ಬನ ನಿಂತರ ಹಿಂದಿನ ಬಸ್ಸು ಬಂದು ಗುದ್ದತೈತಿ ಅಕ್ಕಾ," ಎಂದಿತು ಬ್ರೇಕು. "ಎಲ್ಲಾರೂ ಕೂಡೇ ನಿಲ್ಲಬೇಕು. ಅದಕ್ಕ ಸಂಘ ಅಂತಾರ."

ಹಾಗೆ ಸಂಘ ಹುಟ್ಟಿತು. ಬ್ರೇಕು ಅಧ್ಯಕ್ಷ, ದ್ಯಾಮವ್ವ ಕಾರ್ಯದರ್ಶಿ. ಆದರೆ ನಿಲ್ಲದವರು ಸಭೆ ಸೇರುವುದು ಎಲ್ಲಿ? ಒಂದು ಬಸ್ಸಿನವರು ಒಂದೇ ಪದ ಕೂಗುವುದು, ಮುಂದಿನ ಪದವನ್ನು ಹಿಂದಿನ ಬಸ್ಸು ಕೂಗುವುದು ಎಂದಾಯಿತು. ದ್ಯಾಮವ್ವ "ನಮಗೆ" ಎಂದು ಕೂಗಿದಳು. ಎರಡನೆಯ ಬಸ್ಸು "ನಿಲ್ಲೋದು" ಎನ್ನಬೇಕಿತ್ತು. ಅದರ ಕಂಡಕ್ಟರಿಗೆ ಆಗಷ್ಟೇ ಕಿಟಕಿಯಿಂದ ಒಣರೊಟ್ಟಿ ಬಂದಿತ್ತು. ಅವನು "ಚಟ್ನಿ" ಎಂದ. ಮೂರನೆಯದು "ಬೇಕು" ಎಂದಿತು. ಠರಾವು ಪಾಸಾಯಿತು.

ಠರಾವೆಂದರೆ ಠರಾವು. ಅಧ್ಯಕ್ಷರು ಕಿರ್ರೆಂದರು. ಊರಿನ ಬ್ರೇಕುಗಳೆಲ್ಲ ಕಿರ್ರೆಂದವು. ಬಸ್ಸುಗಳು ಒಟ್ಟಿಗೆ ನಿಂತವು.

ರಾಜ ಆಕಳಿಸಿದ. ಆಕಳಿಸುತ್ತಲೇ ಹಂಡೆಗಟ್ಟಲೆ ಚಟ್ನಿ ಹೊರಿಸಿಕೊಂಡು ತಾನೇ ಬಂದ. ಕೇಳಿದ್ದು ಕೊಟ್ಟೆ, ಇನ್ನು ಹೊರಡಿ ಎಂದ. ಕಾರ್ಮಿಕರೆಲ್ಲ ದ್ಯಾಮವ್ವನ ಮುಖ ನೋಡಿದರು. ಅವಳು ಬೆರಳಿನಿಂದ ಚಟ್ನಿ ನೆಕ್ಕಿ, ಚಲೋ ಐತಿ ಎಂದಳು. ಆಮೇಲೆ ಫಕೀರಪ್ಪನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದಳು.

"ಚಟ್ನಿ ಬಾಯಿ ತಪ್ಪಿ ಬಂದ ಮಾತು ಮಹಾರಾಜರ. ಈ ಮನುಷ್ಯಾ ತನ್ನ ಮಗಳನ್ನ ಒಮ್ಮಿನೂ ಎತ್ತಿಲ್ಲ. ಅದಕ್ಕ ನಿಂತೀವಿ."

ರಾಜ ಎರಡು ಆಕಳಿಕೆಯ ನಡುವೆ ಯೋಚಿಸಿದ. ಏನಾದರೊಂದು ತಿರುಗದಿದ್ದರೆ ತನ್ನ ದವಡೆ ಉಳಿಯುವುದಿಲ್ಲ ಎಂದು ಗೋಗರೆದ. ಅಧ್ಯಕ್ಷರು ಅದಕ್ಕೂ ದಾರಿ ಹೇಳಿದರು. ಬಸ್ಸು ನಿಲ್ಲಲಿ, ಊರು ತಿರುಗಲಿ. ರಾಜ ಒಪ್ಪಿದ.

ಊರು ತಿರುಗತೊಡಗಿತು. ಸಂತೆ ಬಂತು, ಆಸ್ಪತ್ರೆ ಬಂತು, ಸಿನೆಮಾ ಟಾಕೀಸು ಬಂತು. ಪ್ರಯಾಣಿಕರು ನಿಂತ ಬಸ್ಸಿನಲ್ಲಿ ಕೂತು, ತಮ್ಮ ಜಾಗ ಬಂದಾಗ ಆರಾಮಾಗಿ ಇಳಿದರು. ಅರಮನೆಯೂ ಊರಿನದೇ ಆದ್ದರಿಂದ ಅದೂ ತಿರುಗಿತು. ಉಪ್ಪರಿಗೆಯಿಂದ ನೋಡಿದ ರಾಜನಿಗೆ ಬಸ್ಸುಗಳು ಒಂದಾದಮೇಲೊಂದು ಓಡಿಹೋಗುವುದು ಕಂಡಿತು. ಮುಷ್ಕರ ಮುರಿದೆ ಎಂದು ಅವನು ಮೀಸೆ ತಿರುವಿದ. ಕೆಳಗೆ ಡ್ರೈವರುಗಳು ಬಸ್ಸಿನ ನೆರಳಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು.

ಫಕೀರಪ್ಪ ರಸ್ತೆಯಂಚಿನಲ್ಲಿ ಕಾದ. ಅವನ ಮನೆ ಬಂತು. ಅವನು ಹಾರಿ ಹೊಸ್ತಿಲು ಹತ್ತಿದ. ನೀಲವ್ವ ಅವನ ಕಾಲು ನೋಡಿದಳು. ಇಷ್ಟು ದಿನ ಕಿಟಕಿಯಲ್ಲಿ ಮೇಲರ್ಧವಷ್ಟೇ ಕಂಡಿತ್ತು. ಗುರುಬಸವ್ವ ಅವ್ವನ ಸೆರಗಿನ ಹಿಂದೆ ಅಡಗಿ, ಇವನು ನಮ್ಮಪ್ಪ ಅಲ್ಲ, ನಮ್ಮಪ್ಪ ಹೋಗತಾ ಇರತಾನ ಎಂದಳು.

ಫಕೀರಪ್ಪ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ, ಕೈಯಲ್ಲಿ ಸ್ಟೇರಿಂಗ್ ಹಿಡಿದವನಂತೆ ಓಡಿದ. ಬಾಯಲ್ಲಿ ಪೋಂ ಎಂದ. ಮೂಲೆ ಮುಟ್ಟುವ ಮೊದಲೇ ಮಗಳು ಓಡಿಬಂದು ಅವನ ಕಾಲಿಗೆ ಜೋತುಬಿದ್ದಳು. ಅವನು ನಿಂತ. ಎತ್ತಿಕೊಂಡ.

ಇದು ತಿರುಗೂರಿನ ಸಂಘದ ಚರಿತ್ರೆ. ನೀತಿ ಬೇಕೆನ್ನುವವರು ಇಲ್ಲೇ ಕೂತಿರಿ. ಅದು ಸುತ್ತಿಕೊಂಡು ಬರುತ್ತದೆ, ಬಂದಾಗ ಓಡಿ ಹತ್ತಿಕೊಳ್ಳಿ.