ಇಳಿಜಾರಿನ ಬೇಲಿಗೆ ಒಂದೇ ಎತ್ತರ

ಕೆಂಡಗಲ್ಲಿನ ದೊರೆ ಬೈರನಾಯಕನಿಗೆ ತನ್ನ ಮಾತು ಕಲ್ಲಿನಲ್ಲಿ ಕೊರೆದಂತೆ ಎಂಬ ಹೆಮ್ಮೆ. ಆ ಊರಿನಲ್ಲಿ ಕಲ್ಲಿಗೇನೂ ಬರವಿರಲಿಲ್ಲ. ಯೋಚಿಸಿ ಆಡಿದ ಮಾತಿಗೆ ಸ್ವಲ್ಪ ಬರವಿತ್ತು.

ಊರಿದ್ದದ್ದು ಬೋಳುಗುಡ್ಡದ ಮೇಲೆ. ಬೇಸಗೆಯಲ್ಲಿ ಅರಮನೆಯ ಕಲ್ಲುಗೋಡೆಗಳು ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಅದನ್ನು ದೊರೆಯ ಮೇಲೆ ಕಾರುತ್ತಿದ್ದವು. ಆ ವರ್ಷ ನಾಯಕ ಬಯಲುನಾಡಿನ ಬೀಗರ ಮನೆಗೆ ಹೋಗಿ, ಅವರ ತೋಟದಲ್ಲಿ ಮರದ ಅಟ್ಟಣೆಯ ಮೇಲೆ ಗಾಳಿಗೆ ಕೂತು ಬಂದ. ಬಂದವನೇ ಬಡಗಿ ಮೌನಾಚಾರಿಯನ್ನು ಕರೆಸಿದ.

"ಅರಮನೆ ಹಿಂದಿನ ಇಳಿಜಾರಿನಲ್ಲಿ ನನಗೊಂದು ಅಟ್ಟಣೆ ಕಟ್ಟು. ಸುತ್ತ ಬೇಲಿ ಹಾಕು. ಬೇಲಿಯ ಕಂಬಗಳೆಲ್ಲ ಒಂದೇ ಎತ್ತರ ಇರಬೇಕು. ಮೇಲಿನ ಅಡ್ಡಪಟ್ಟಿ ನಿಂತ ನೀರಿನ ಹಾಗೆ ಮಟ್ಟವಾಗಿರಬೇಕು. ಬೀಗರ ಬೇಲಿ ಹಾಗೇ ಇದೆ."

ಬೀಗರ ತೋಟ ಚಪ್ಪಟೆ ನೆಲದಲ್ಲಿತ್ತು. ಅದನ್ನು ದೊರೆಗೆ ಹೇಳುವವರು ಯಾರು?

"ಬುದ್ಧಿ, ಇಲ್ಲಿ ನೆಲ ಜಾರಿದೆ..." ಎಂದು ಆಚಾರಿ ಶುರುಮಾಡಿದ.

"ನೆಲ ಜಾರಲಿ, ನನ್ನ ಮಾತು ಜಾರೋದಿಲ್ಲ! ಒಂದು ತಿಂಗಳು ಕೊಟ್ಟಿದ್ದೇನೆ. ಒಂದು ಕಂಬ ಗಿಡ್ಡ ಆಯಿತೋ, ನಿನ್ನ ಉಳಿ, ಬಾಚಿ ಎಲ್ಲ ಉಗ್ರಾಣಕ್ಕೆ. ನೀನು ಊರ ಹೊರಕ್ಕೆ."

ಆಚಾರಿ ನೇರವಾಗಿ ತಿಪ್ಪರಸನ ಮನೆಗೆ ಬಂದ. ತಿಪ್ಪರಸ ಆಸ್ಥಾನದಲ್ಲಿ ಓಲೆ ಓದಿ ಹೇಳುವವನು. ಇಪ್ಪತ್ತು ವರ್ಷ ಜನರ ಜಗಳದ ಓಲೆಗಳನ್ನು ಓದಿ ಅವನು ಯಾವುದಕ್ಕೂ ಬೆರಗಾಗುವುದನ್ನು ಬಿಟ್ಟಿದ್ದ.

"ಕಂಬಗಳನ್ನು ಸಮ ಕೊಯ್ದರೆ ಪಟ್ಟಿ ಗುಡ್ಡದ ಜೊತೆ ಕೆಳಗಿಳಿಯುತ್ತೆ ಸ್ವಾಮಿ. ಪಟ್ಟಿ ಮಟ್ಟ ಮಾಡಿದರೆ ಮೇಲಿನ ಕಂಬ ಎರಡು ಮೊಳ, ಕೆಳಗಿನ ಕಂಬ ನಾಲ್ಕು ಮೊಳ. ಎರಡೂ ಒಟ್ಟಿಗೆ ಆಗೋ ಮಾತಲ್ಲ. ನಮ್ಮಪ್ಪ, ತಾತ ಬದುಕಿದ್ದು ಇದೇ ಊರಲ್ಲಿ. ಈ ವಯಸ್ಸಿನಲ್ಲಿ ಉಳಿ ಕಳಕೊಂಡು ನಾನೆಲ್ಲಿಗೆ ಹೋಗಲಿ?"

"ಅಳಬೇಡ ಆಚಾರೇ. ದೊರೆ 'ಒಂದೇ ಉದ್ದ' ಅಂದರೋ, 'ಒಂದೇ ಎತ್ತರ' ಅಂದರೋ?"

"ಎತ್ತರ ಅಂದರು. ಎರಡೂ ಒಂದೇ ಅಲ್ಲವೇ?"

"ಮರಕ್ಕೆ ಒಂದೇ ಇರಬಹುದು. ನೀನು ಪಟ್ಟಿಯನ್ನು ಮಟ್ಟ ಮಾಡು ಹೋಗು."

ತಿಂಗಳಾಯಿತು. ಕಮರದ ಮರದ ಅಟ್ಟಣೆ ಎದ್ದಿತು, ಬೇಲಿಯೂ ಎದ್ದಿತು. ಇಳಿಬಿಸಿಲಿನಲ್ಲಿ ದೊರೆ ಪರಿವಾರದೊಡನೆ ನೋಡಲು ಬಂದ. ತಪ್ಪು ಹುಡುಕುವ ಹುಮ್ಮಸ್ಸಿನಲ್ಲಿ ಮೊದಲು ಹಲಗೆಗಳನ್ನೇ ದಿಟ್ಟಿಸಿದ.

"ಇದೇನಯ್ಯಾ ನಡುನಡುವೆ ಸಂದು? ಮರ ಸಾಲದೇ ಹೋಯಿತೋ?"

"ಮಳೆಗೆ ಮರ ಹಿಗ್ಗುತ್ತೆ ಬುದ್ಧಿ. ಸಂದು ಬಿಡದಿದ್ದರೆ ಹಲಗೆ ಎದ್ದು ನಿಲ್ಲುತ್ತೆ."

"ನಾನು ಕೂತಿರುವಾಗಲೂ?"

"ಆಗಲೂ."

ಮರದ ಈ ಉದ್ಧಟತನ ದೊರೆಗೆ ಹಿಡಿಸಲಿಲ್ಲ. ಬೇಲಿಯ ಕಡೆ ತಿರುಗಿದ. ಆಚಾರಿ ಅಡ್ಡಪಟ್ಟಿಯ ಮೇಲೆ ನೀರು ತುಂಬಿದ ತಟ್ಟೆ ಇಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಪಟ್ಟಿಯೇನೋ ಮಟ್ಟವಾಗಿತ್ತು. ಆದರೆ ಕಂಬಗಳು? ದೊರೆಯ ಮುಖ ಅರಳಿತು.

"ನೋಡಿದಿರಾ! ಅಲ್ಲಿ ಎರಡು ಮೊಳ, ಇಲ್ಲಿ ನಾಲ್ಕು ಮೊಳ. ಒಂದೇ ಎತ್ತರ ಎಲ್ಲಿದೆ? ಆಚಾರಿ, ಉಳಿ ಇತ್ತ ತಾ."

ಆಚಾರಿ ಸೊಂಟದಿಂದ ಉಳಿ ತೆಗೆದ. ತಿಪ್ಪರಸ ಮುಂದೆ ಬಂದ.

"ಮಹಾಸ್ವಾಮಿ, ಉಳಿ ಎಲ್ಲಿಗೂ ಓಡುವುದಿಲ್ಲ. ಅದಕ್ಕೆ ಮುಂಚೆ ಒಂದು ಸಂದೇಹ. ತಮ್ಮಲ್ಲಿ ಮತ್ತು ದಳವಾಯಿಗಳಲ್ಲಿ ಯಾರು ಎತ್ತರ?"

ದಳವಾಯಿ ಕಾಟಣ್ಣ ದೊರೆಗಿಂತ ಒಂದು ಗೇಣು ಹೆಚ್ಚು ಬೆಳೆದಿದ್ದ. ಅದು ರಾಜದ್ರೋಹ ಅನಿಸಿಕೊಳ್ಳದಿರಲೆಂದು ಎಲ್ಲಿ ಹೋದರೂ ದೊರೆಗಿಂತ ಕೆಳಗಿನ ಜಾಗ ನೋಡಿ ನಿಲ್ಲುತ್ತಿದ್ದ. ಆಸ್ಥಾನದ ಪದ್ಧತಿಯೇ ಅದಾಗಿತ್ತು. ಗುಡ್ಡದ ಊರಿನಲ್ಲಿ ಅದೇನೂ ಕಷ್ಟವಲ್ಲ. ಈಗಲೂ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಕೆಳಗೆ ನಿಂತು ಮುಗಿಲು ನೋಡುತ್ತಿದ್ದ.

"ಕಣ್ಣು ಕಾಣುವುದಿಲ್ಲವೇ ನಿನಗೆ? ನಾನೇ ಎತ್ತರ!" ಎಂದ ದೊರೆ.

"ಹೇಗೆಂದು ತಿಳಿಯೋಣ?"

"ಹೇಗೆಂದರೆ? ನನ್ನ ತಲೆ ಅವನ ತಲೆಗಿಂತ ಮೇಲಿದೆಯಲ್ಲ!"

"ಹಾಗಾದರೆ ಎತ್ತರ ನೋಡುವುದು ತಲೆಯಿಂದ. ದಳವಾಯಿಗಳೇ, ತಾವೇನಂತೀರಿ?"

"ತಲೆಯಿಂದಲೇ, ತಲೆಯಿಂದಲೇ," ಎಂದು ಕಾಟಣ್ಣ ಅವಸರದಲ್ಲಿ ಇನ್ನೊಂದು ಹೆಜ್ಜೆ ಕೆಳಗಿಳಿದ.

"ಬೇಲಿಯ ಕಂಬಗಳ ತಲೆಯನ್ನೂ ನೋಡೋಣವಾಗಲಿ ಸ್ವಾಮಿ. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟೂ ಮೇಲಿಲ್ಲ. ತಟ್ಟೆಯ ನೀರೇ ಸಾಕ್ಷಿ. ಎಲ್ಲ ಒಂದೇ ಎತ್ತರ."

ದೊರೆಗೆ ಬಲೆ ಕಂಡಿತು, ಅರ್ಧ ಮಾತ್ರ.

"ಅದೆಲ್ಲ ಆಗೋದಿಲ್ಲ! ಕಂಬವನ್ನು ಬುಡದಿಂದ ಅಳೆಯಬೇಕು."

"ಅಪ್ಪಣೆ," ಎಂದು ತಿಪ್ಪರಸ ಆಚಾರಿಯ ಕೈಯಿಂದ ಅಳತೆಗೋಲು ತೆಗೆದುಕೊಂಡ. "ಆದರೆ ಒಂದೇ ಊರಿನಲ್ಲಿ ಎರಡು ಅಳತೆ ಇದ್ದರೆ ಬೀಗರು ನಗುತ್ತಾರೆ. ಎಲ್ಲರನ್ನೂ ಬುಡದಿಂದಲೇ ಅಳೆದುಬಿಡೋಣ. ಯಾರಿಂದ ಶುರುಮಾಡಲಿ ಮಹಾಸ್ವಾಮಿ, ಕಂಬಗಳಿಂದಲೋ, ತಮ್ಮಿಂದಲೋ?"

ದೊರೆ ಕೋಲನ್ನು ನೋಡಿದ. ಕಾಟಣ್ಣನ ಕಾಲನ್ನು ನೋಡಿದ. ತನ್ನ ಕಾಲನ್ನು ಮಾತ್ರ ನೋಡಿಕೊಳ್ಳಲಿಲ್ಲ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟ. ದೊರೆ ನಕ್ಕಿದ್ದು ಖಚಿತವಾದ ಮೇಲೆ ಪರಿವಾರವೂ ನಕ್ಕಿತು.

"ಕಂಬಗಳೆಲ್ಲ ಒಂದೇ ಎತ್ತರ ಇವೆ! ಆಚಾರಿ, ಉಳಿ ನಿನ್ನ ಹತ್ತಿರವೇ ಇರಲಿ. ನಾಳೆಯಿಂದ ನೀನೇ ಅರಮನೆಯ ಬಡಗಿ. ತಿಪ್ಪರಸ, ನಿನಗೇನು ಬೇಕು ಕೇಳು."

"ಸಂಜೆ ಹೊತ್ತು ಈ ಅಟ್ಟಣೆಯ ಮೇಲೆ ಕೂರಲು ನನಗೂ ಒಂದು ಜಾಗ."

"ಅಷ್ಟೇನಾ? ಎಲ್ಲಿ ಬೇಕೋ ಕೂತುಕೋ. ನನ್ನ ಪಕ್ಕದಲ್ಲೇ ಕೂರುತ್ತೀಯಾ?"

ತಿಪ್ಪರಸ ಕಣ್ಣಿಗೆ ಹೊಡೆಯುತ್ತಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದು, ವಿನಯದಿಂದ ತಲೆಬಾಗಿದ.

"ಕ್ಷಮಿಸಬೇಕು ಸ್ವಾಮಿ, ದಳವಾಯಿಗಳ ಪಕ್ಕವೇ ಆಗಲಿ. ಎತ್ತರದಲ್ಲಿ ಅವರು ತಮಗಿಂತ ಕಡಿಮೆ, ನಿಜ. ನೆರಳು ಮಾತ್ರ ಒಂದು ಗೇಣು ಹೆಚ್ಚು."